ಎಂಟು ಗುಂಟೆ ಬೆಳ್ಳುಳ್ಳಿ

೧೯೫೮, ಅಕ್ಟೋಬರ್ ೨೬

ಬೆಳ್ಳುಳ್ಳಿಯನ್ನು ಹೊಲಕ್ಕೆ ಹಚ್ಚುವ ಕೆಲಸ ಇವತ್ತು ಮುಗಿಯಿತು. ಮೂರು ದಿನ ಬದುವಿನ ಮೇಲೆ ನಿಂತು ಕಾಲು ಊದಿವೆ. ಆದರೂ ಮನಸ್ಸಿಗೆ ಹಿಗ್ಗು.

ಹೊಲ ನಮ್ಮದಲ್ಲ. ನಮ್ಮ ಬಾವಿಗೆ ಹೊಂದಿಕೊಂಡ ಎಂಟು ಗುಂಟೆ, ಅಡಿವೆವ್ವ ಎಂಬ ವಿಧವೆಯದು. ನೀರು ಮಾತ್ರ ನಮ್ಮದು. ಅವಳು ಪ್ರತಿವರ್ಷ ಅಲ್ಲಿ ಈ ನೆಲದ್ದೇ ಆದ ಜವಾರಿ ಬೆಳ್ಳುಳ್ಳಿ ಹಾಕುತ್ತಾಳೆ. ಕಡಲೆಕಾಳಿಗಿಂತ ತುಸು ದೊಡ್ಡ ಎಸಳು, ನಸುಗೆಂಪು ಸಿಪ್ಪೆ, ಒಂದು ಗಡ್ಡೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಎಸಳು. ಸುಲಿಯುವಷ್ಟರಲ್ಲಿ ಉಗುರು ಸೋಲುತ್ತದೆ. ಹಚ್ಚುವುದೂ ಒತ್ತೊತ್ತಾಗಿ, ಎರಡು ಬೆರಳಿಗೊಂದು.

ಮಿಲಿಟರಿಯಲ್ಲಿರುವ ನನ್ನ ತಮ್ಮ ರಜೆಗೆ ಬರುವಾಗ ಸಿಮ್ಲಾ ಕಡೆಯ ಬೆಳ್ಳುಳ್ಳಿ ಎರಡು ಚೀಲ ತಂದು ಯಲವಿಗಿ ಸ್ಟೇಷನ್ನಿನಲ್ಲಿ ಇಳಿಸಿದ. ಒಂದೊಂದು ಎಸಳು ನನ್ನ ಹೆಬ್ಬೆರಳಿನಷ್ಟು. ಈ ಸಲ ಅಡಿವೆವ್ವನ ಹೊಲಕ್ಕೆಲ್ಲ ಅದನ್ನೇ ಹಚ್ಚಿಸಿದೆ. ನಾನು ಅಂಚೆಯಲ್ಲಿ ತರಿಸಿದ ಇಂಗ್ಲಿಷ್ ಕೈಪಿಡಿಯೂ ಅದೇ ವಾರ ಬಂತು. ಅದರಲ್ಲಿ ಅಂತರದ ಕೋಷ್ಟಕವಿದೆ. ಗಿಡಗಳನ್ನು ಹತ್ತಿರ ಹಚ್ಚಿದರೆ ಒಟ್ಟು ತೂಕ ಹೆಚ್ಚು, ಗಡ್ಡೆ ಸಣ್ಣದು. ದೂರ ಹಚ್ಚಿದರೆ ಗಡ್ಡೆ ದೊಡ್ಡದು, ಒಟ್ಟು ತೂಕ ಕಡಿಮೆ. ಮೂರು, ನಾಲ್ಕು, ಆರು ಇಂಚು ಎಂದು ಹೊಲವನ್ನು ಮೂರು ಪಾಲು ಮಾಡಿಸಿದೆ. ಅಳತೆಗೆ ಒಂದು ಕೋಲು ಮಾಡಿಸಿಕೊಂಡಿದ್ದೆ.

ಅಡಿವೆವ್ವ ಕೋಲನ್ನು ತಿರುಗಿಸಿ ನೋಡಿ, "ಇದೇನ್ರಿ ಅಕ್ಕಾರ, ಸಾಲಿ ಹುಡುಗರನ್ನ ಬಡ್ಯಾಕ ತಂದಿದ್ರೇನು?" ಎಂದಳು.

"ಸಾಲು ತಪ್ಪಬಾರದಲ್ಲ, ಅದಕ್ಕ."

"ನನ್ನ ಬೆರಳ ಇಪ್ಪತ್ತೈದು ವರ್ಷದಿಂದ ತಪ್ಪಿಲ್ರಿ," ಎಂದು ನಕ್ಕಳು. ಆದರೂ ಕೋಲು ಹಿಡಿದೇ ಹಚ್ಚಿದಳು. ಕಲಿಸಿದರೆ ಕಲಿಯುವ ಹೆಂಗಸು.

ನವೆಂಬರ್ ೪

ಅಡಿವೆವ್ವ ಒಲೆಯ ಮೇಲೆ ಹೊಗೆಗೆ ತೂಗುಹಾಕಿದ್ದ ತನ್ನ ಹಳೆಯ ಬೀಜದ ಗೊಂಚಲುಗಳನ್ನೆಲ್ಲ ಇಳಿಸಿ ಸವಣೂರಿನ ಸಂತೆಯಲ್ಲಿ ವ್ಯಾಪಾರಿ ಖಾದರಸಾಬನಿಗೆ ಮಾರಿಬಿಟ್ಟಳಂತೆ. ಒಳ್ಳೆಯದೇ ಆಯಿತು. ಇನ್ನು ಅವು ಬರೀ ಒಣಗುತ್ತಿದ್ದವು.

ನವೆಂಬರ್ ೨೯

ಏನು ಬೆಳೆ! ಗರಿಗಳು ಗೋವಿನಜೋಳದ ಸಸಿಯ ಹಾಗೆ ಅಗಲ. ಆರು ಇಂಚಿನ ಪಾಲು ಎಲ್ಲಕ್ಕಿಂತ ಚೆನ್ನ. ಕೋಷ್ಟಕ ಸುಳ್ಳಾಗಲಿಲ್ಲ. ಶಿಗ್ಗಾಂವದ ಪೇಟೆಗೆ ಹೊರಟವರು ಗಾಡಿ ನಿಲ್ಲಿಸಿ ನೋಡಿ ಹೋಗುತ್ತಾರೆ.

ಇವರು ಸಹ ಬಂದು ನೋಡಿದರು. "ಇದು ಬಳ್ಳೊಳ್ಳಿ ಹೌದೋ, ಇಲ್ಲಾ ನೀ ಕಲಿತ ಕಾನ್ವೆಂಟಿನ ಹೂದೋಟೋ?" ಎಂದು ಕೇಳಿದರು. ಇವರು ಹೊಗಳುವುದೇ ಹೀಗೆ.

ಡಿಸೆಂಬರ್ ೩೦

ಗಿಡದ ಬುಡ ದಪ್ಪವಾಗಿಲ್ಲ. ಅಡಿವೆವ್ವನ ಬೆಳೆಯಲ್ಲಿ ಈ ಹೊತ್ತಿಗೆ ಬುಡ ಉಬ್ಬಿ ಮಣ್ಣು ಬಿರಿಯುತ್ತಿತ್ತು ಎಂದು ನೆನಪು. ನನ್ನ ನೆನಪು ತಪ್ಪಿರಬಹುದು. ಆಗೆಲ್ಲ ನಾನು ಅಷ್ಟು ಹತ್ತಿರದಿಂದ ನೋಡಿದವಳಲ್ಲ.

೧೯೫೯, ಜನವರಿ ೯

ಯಾರೂ ಇಲ್ಲದಾಗ ಹೋಗಿ ಒಂದು ಗಿಡ ಕಿತ್ತೆ. ಆರು ಇಂಚಿನ ಸಾಲಿನದು. ಕೆಳಗೆ ಏನೂ ಇಲ್ಲ. ಎಳೆ ಈರುಳ್ಳಿಯ ಹಾಗೆ ಬಿಳಿಯ ಕಾಂಡ, ಅದರ ಕೆಳಗೆ ಬೇರು. ನಾಲ್ಕು ಇಂಚಿನ ಸಾಲಿನಲ್ಲಿ ಒಂದು ಕಿತ್ತೆ, ಮೂರು ಇಂಚಿನಲ್ಲಿ ಒಂದು. ಮೂರೂ ಹಾಗೆಯೇ. ಕಿತ್ತ ಗಿಡಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದು ಬಚ್ಚಲ ಒಲೆಗೆ ಹಾಕಿದೆ. ಮನೆಯೆಲ್ಲ ವಾಸನೆ.

ಕೈಪಿಡಿಯನ್ನು ಮತ್ತೆ ತೆರೆದೆ. ನಾನು ಓದಿದ್ದು ಕೋಷ್ಟಕದವರೆಗೆ ಮಾತ್ರ. ತಳಿಗಳ ಪುಟ ಕೊನೆಯಲ್ಲಿತ್ತು. "ಸ್ಥಳೀಯವಾಗಿ ಒಗ್ಗಿದ ತಳಿಯನ್ನೇ ಬಳಸತಕ್ಕದ್ದು" ಎಂದು ಒಂದೇ ಸಾಲು. ಅದನ್ನು ನಾನು ಓದಿರಲಿಲ್ಲವೇ? ಓದಿದ್ದೆ. ದೊಡ್ಡ ಎಸಳನ್ನು ಕಣ್ಣಾರೆ ಕಂಡವಳಿಗೆ ಆ ಸಾಲು ಬೇಡವಾಗಿತ್ತು.

ನವೆಂಬರ್ ನಾಲ್ಕರಂದು ಬರೆದದ್ದನ್ನು ಈಗ ಓದಿದೆ. ಅಡಿವೆವ್ವ ತಾನಾಗಿಯೇ ಬೀಜ ಮಾರಿದಳು ಎನ್ನುವಂತೆ ಬರೆದಿದ್ದೇನೆ. ನಿಜವಲ್ಲ. ಅವಳು ಎರಡು ಗೊಂಚಲು ಇಟ್ಟುಕೊಳ್ಳುತ್ತೇನೆ ಎಂದಿದ್ದಳು. "ಹಳೇದು ಇಟಗೊಂಡು ಏನು ಮಾಡ್ತಿ?" ಎಂದವಳು ನಾನು.

ಜನವರಿ ೧೪

ಸಂಕ್ರಾಂತಿ. ಅಡಿವೆವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಂದುಕೊಟ್ಟಳು. ಜೊತೆಗೆ ಅವಳ ಮಗಳು ಶೇಖವ್ವ, ದಿನ ತುಂಬುತ್ತ ಬಂದ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಾಳೆ.

"ಗಡ್ಡಿ ಯಾವಾಗ ಕಟ್ಟತೈತ್ರಿ ಅಕ್ಕಾರ?"

"ದೊಡ್ಡ ಜಾತಿ ಅಲ್ಲಾ, ಸ್ವಲ್ಪ ತಡ ಆಗ್ತದ."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಅವಳು ತಲೆಯಾಡಿಸಿದಳು. ನನ್ನ ಮುಖವನ್ನು ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು ಅನ್ನಿಸಿತು.

ಜನವರಿ ೧೬

ಬೇಸಾಯ ಖಾತೆಯ ಒಬ್ಬ ಅಧಿಕಾರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ನಾಲ್ಕು ಸಲ ಹರಿದು ಬರೆದೆ. ಮೊದಲ ಮೂರರಲ್ಲಿ "ಇಲ್ಲಿನ ಒಬ್ಬ ರೈತ ಹೆಂಗಸು ಹಚ್ಚಿದ ಬೆಳೆ" ಎಂದಿತ್ತು.

ಫೆಬ್ರವರಿ ೫

ಉತ್ತರ ಬಂತು. ಗುಡ್ಡಗಾಡಿನ ಆ ತಳಿಗೆ ಉದ್ದನೆಯ ಹಗಲು ಬೇಕು, ಚಳಿ ಬೇಕು. ನಮ್ಮ ಬಯಲಿನಲ್ಲಿ ಸೊಪ್ಪು ಬರುತ್ತದೆ, ಗಡ್ಡೆ ಕಟ್ಟುವುದಿಲ್ಲ. ಅಪರೂಪಕ್ಕೆ ಕಟ್ಟಿದರೂ ಎಸಳು ಒಡೆಯದ ಒಂಟಿ ಉಂಡೆ. ಯಾವ ಅಂತರದಲ್ಲಿ ಹಚ್ಚಿದರೂ ಅಷ್ಟೇ. ಬರುವ ಸಲ ಜವಾರಿ ಬೀಜವನ್ನೇ ನಾಲ್ಕು ಇಂಚಿಗೆ ಹಚ್ಚಿ ನೋಡಿ ಎಂದು ಸಲಹೆ ಕೊಟ್ಟಿದ್ದಾರೆ.

ಬರುವ ಸಲ. ಜವಾರಿ ಬೀಜ.

ಫೆಬ್ರವರಿ ೬

ಏನೂ ಬರೆಯಲಾರೆ.

ಫೆಬ್ರವರಿ ೧೦

ಸವಣೂರಿಗೆ ಹೋದೆ. ಸೀರೆ ಕೊಳ್ಳುವ ನೆಪ. ಖಾದರಸಾಬ ಅಂಗಡಿಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದ. ಅಡಿವೆವ್ವನ ಬೆಳ್ಳುಳ್ಳಿ ಉಳಿದಿದೆಯೇ ಎಂದು ಕೇಳಿದೆ.

"ದೀಪಾವಳಿ ಮುಂದ ತಂದಿದ್ದಾ? ಯಾ ಖುದಾ! ಅದು ಯಾರಾರ ಒಗ್ಗರಣಿ ಒಳಗ ಚಟಪಟ ಅಂತೋ, ನಾ ಎಲ್ಲಿಂದ ತರ್ಲಿ ಬಾಯಾರ?" ಎಂದು ನಕ್ಕ. ನಂತರ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಅಂಥಾ ಮಾಲು ಬ್ಯಾರೆ ಯಾರ ಕಡೆನೂ ಬರೂದಿಲ್ರಿ. ಆಷಾಢ ಕಳದ್ರೂ ಒಂದು ಎಸಳ ಪೊಳ್ಳ ಆಗ್ತಿದ್ದಿಲ್ಲ. ಆಯಮ್ಮ ಎಲ್ಲಾ ಕೊಟ್ಟಾಗ ನಾನ ಕೇಳಿದ್ನಿ, ಬೀಜಕ್ಕ ಇಟ್ಟೀಯಿಲ್ಲೋ ಅಂತ. ನಮ್ಮ ಅಕ್ಕಾರು ಹೊಸಾ ಬೀಜ ಕೊಟ್ಟಾರ ಅಂದ್ಳು."

ಅವಳು ಅದನ್ನು ಹೆಮ್ಮೆಯಿಂದಲೇ ಹೇಳಿರಬೇಕು. ಸೀರೆ ಕೊಳ್ಳದೆಯೇ ಬಸ್ಸು ಹತ್ತಿದೆ.

ಫೆಬ್ರವರಿ ೧೩

ಹೇಳಿಬಿಡಬೇಕೆಂದು ಬೆಳಿಗ್ಗೆ ಹೊಲಕ್ಕೆ ಹೋದೆ. ಆಗ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಇಲ್ಲದಿದ್ದರೆ ನಾಳೆ ನಾನೇ ಅದನ್ನು ಬೇರೆ ಮಾಡಿಬಿಡುತ್ತೇನೆ.

ಅಡಿವೆವ್ವ ಮಡಿಯ ನಡುವೆ ಕುಳಿತಿದ್ದಳು. ಮುಂದೆ ಆರೇಳು ಗಿಡ ಕಿತ್ತು ಹಾಕಿದ್ದವು. ನನ್ನನ್ನು ಕಂಡವಳೇ ಎದ್ದು ಅವುಗಳ ಮುಂದೆ ನಿಂತಳು, ಮುಚ್ಚುವವಳ ಹಾಗೆ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಒಂದ ತಪ್ಪ ಮಾಡೇನಿ."

"ಏನು?"

"ಹಿತ್ತಲ ಕಡೆ ಸಾಲು ಹಚ್ಚೂ ಮುಂದ ನೀವು ಉಣ್ಣಾಕ ಮನಿಗೆ ಹೋಗಿದ್ರಿ. ಕೋಲು ಹಿಡದು ಕೈ ಸೋತಿತ್ತು. ನಾಕೈದು ಸಾಲು ನನ್ನ ಬೆರಳಿಲೇನ ಹಚ್ಚಿಬಿಟ್ಟೇನಿ. ಅದಕ್ಕ ಗಡ್ಡಿ ಕಟ್ಟವಲ್ದು. ತಿಂಗಳ ಆತು, ನಾ ಕಿತ್ತು ಕಿತ್ತು ನೋಡಾಕತ್ತೇನಿ. ನಿಮಗ ಹೆಂಗ ಹೇಳ್ಲಿ ಅಂತ ಅಂಜಿ ಕುಂತಿದ್ನಿ."

ಅವಳು ನನಗೆ ಅಂಜಿದ್ದಳು. ನಾವಿಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಗಿಡ ಕಿತ್ತು ನೋಡಿದ್ದೆವು.

ಅಲ್ಲ ಅಡಿವೆವ್ವ, ನಿನ್ನ ಬೆರಳಿನಿಂದ ಏನೂ ಆಗಿಲ್ಲ ಎನ್ನಬೇಕಿತ್ತು. ಒಂದೇ ಮಾತು. ಅದನ್ನು ಹೇಳಲಿಲ್ಲ. "ಇರಲಿ ಬಿಡು" ಎಂದೆ. ಇರಲಿ ಬಿಡು! ಹಾಗೆಂದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದನ್ನೂ ಬರೆಯಬೇಕು. ಹಗುರವಾಯಿತು. ಬಾವಿಯ ಹತ್ತಿರ ಬರುವವರೆಗೂ ಹಗುರವಾಗಿಯೇ ಇದ್ದೆ.

ಈಗ ನನಗೆ ಬೆಳೆಯ ಹೆದರಿಕೆಗಿಂತ ನನ್ನದೇ ಹೆದರಿಕೆ ಹೆಚ್ಚಾಗಿದೆ.

ಫೆಬ್ರವರಿ ೧೭

ಹೇಳಿದೆ. ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. ಕೈಪಿಡಿಯ ಆ ಸಾಲನ್ನೂ ಹೇಳಿದೆ. ಜನವರಿಯಿಂದ ಗೊತ್ತಿತ್ತು ಎಂದೂ ಹೇಳಿದೆ.

ಅಡಿವೆವ್ವ ಕುಟ್ಟುತ್ತಿದ್ದ ಒನಕೆಯನ್ನು ಗೋಡೆಗೆ ಆನಿಸಿಟ್ಟಳು.

"ಮೊನ್ನೆ ನಾ ತಪ್ಪ ಒಪ್ಪಿಕೊಂಡಾಗ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ನಾಕ ದಿನಾ ನನ್ನ ಗಂಟಲದಾಗ ಕೂಳ ಇಳದಿಲ್ರಿ. ನಮ್ಮವ್ವ ಕೊಟ್ಟ ಬೀಜಾನೂ ಮಾರಿದ್ನಿ, ಹೊಸಾದ್ನೂ ನನ್ನ ಕೈಯಾರೆ ಹಾಳ ಮಾಡಿದ್ನಿ ಅಂತ. ನಿಮ್ಮ ಮನ್ಯಾಗ ಸುಳ್ಳ ಹೇಳಾಕೂ ಪುಸ್ತಕ ಐತೇನ್ರಿ?"

ಶೇಖವ್ವ ಒಳಗಿನಿಂದ, "ಯವ್ವಾ, ಸುಮ್ನಿರ," ಎಂದಳು.

"ನಾ ಯಾಕ ಸುಮ್ನಿರ್ಲಿ? ಇಷ್ಟ ದಿನಾ ಸುಮ್ನಿದ್ದದ್ದಕ್ಕ ಹಿಂಗಾತು." ಒನಕೆ ತೆಗೆದುಕೊಂಡು ಮತ್ತೆ ಕುಟ್ಟಲು ನಿಂತಳು. ನಾನು ಎದ್ದು ಬಂದೆ. ಅವಳು ಹೋಗಿ ಬರ್ರಿ ಎನ್ನಲಿಲ್ಲ.

ಮಾರ್ಚ್ ೩

ಬೆಳೆಯನ್ನು ಹಸಿರಾಗಿಯೇ ಕಿತ್ತರು. ಅಡಿವೆವ್ವ ಅದನ್ನು ಸೂಡು ಕಟ್ಟಿ ಸೊಪ್ಪಿನ ಲೆಕ್ಕದಲ್ಲಿ ಮಾರಲು ಶಿಗ್ಗಾಂವದ ಸಂತೆಗೆ ಒಯ್ದಿದ್ದಾಳೆ. ಒಂದು ಎಸಳು ಬೀಜ ಉಳಿದಿಲ್ಲ. ನಾನು ಬಾವಿಯ ಕಡೆ ಹೋದರೆ ಅವಳು ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೋಗುತ್ತಾಳೆ.

ನಮ್ಮದೇ ಹೊಲದ ಒಂದು ಮೂಲೆಗೆ ನೀರು ಹಾಯಿಸಿ ಅಲ್ಲಿ ಹಚ್ಚಬಹುದಿತ್ತಲ್ಲ? ಅವಳಿಗೆ ಅನುಕೂಲವಾಗಲಿ ಎಂದು ಅವಳ ಹೊಲದಲ್ಲಿ ಹಚ್ಚಿಸಿದೆ ಎಂದುಕೊಂಡಿದ್ದೆ. ಕೆಟ್ಟರೆ ಇವರು ನಗುತ್ತಾರೆ ಎಂಬ ಅಂಜಿಕೆಯೂ ಇತ್ತೇನೋ. ಇತ್ತು.

ಏಪ್ರಿಲ್ ೨೧

ಶೇಖವ್ವನಿಗೆ ಹೆಣ್ಣು ಕೂಸು, ಎರಡು ತಿಂಗಳಾಯಿತು. ಅಡಿವೆವ್ವ ಸಂತೆಗೆ ಹೋದಾಗ ನೋಡಲು ಹೋದೆ. ಕಳ್ಳಿಯ ಹಾಗೆ. ಬಾಣಂತಿಯ ಸಾರಿಗೆ ಪೇಟೆಯ ಬೆಳ್ಳುಳ್ಳಿ ಕುದಿಯುತ್ತಿತ್ತು. ಆ ಬೀಜ ಬೇರೆ ಯಾರ ಹತ್ತಿರವೂ ಇಲ್ಲವೇ ಎಂದು ಕೇಳಿದೆ.

"ಅದಾವ್ರಿ. ನಮ್ಮಲ್ಲಿ ಹೆಣ್ಣುಮಗಳು ಗಂಡನ ಮನಿಗೆ ಹೋಗೂ ಮುಂದ ಸೆರಗಿನಾಗ ಎರಡ ಗಡ್ಡಿ ಕಟ್ಟಿ ಕೊಡ್ತಾರ. ನಮ್ಮ ಚಿಗವ್ವಗ ಹಾನಗಲ್ಲ ಕಡೆ ಕೊಟ್ಟಾರ, ದೊಡ್ಡವ್ವನ ಮಗಳು ಅನ್ನವ್ವಗ ಹಿರೇಕೆರೂರ ಕಡೆ."

"ಮತ್ತ ನಿಮ್ಮವ್ವ ಕೇಳಲಿಲ್ಲ?"

"ಹೆಂಗ ಕೇಳ್ತಾಳ್ರಿ? ಕೊಟ್ಟ ಬೀಜ ತವರಿನವರು ತಿರುಗಿ ಬೇಡಿದ್ರ ಆಕಿ ಸಂಸಾರಕ್ಕ ಕೆಡಕ. ಸತ್ರೂ ಕೇಳಾಂಗಿಲ್ಲ."

ತವರಿನವರು ಕೇಳುವ ಹಾಗಿಲ್ಲ. ನಾನು ತವರಿನವಳಲ್ಲ.

ಏಪ್ರಿಲ್ ೨೮

ಐದು ದಿನದ ಹಿಂದೆ ಹಾನಗಲ್ಲಿನ ಆಚೆಯ ಹಳ್ಳಿಗೆ ಹೋಗಿ ಬಂದೆ. ಒಬ್ಬಳೇ ಬಸ್ಸು ಹತ್ತಿದ್ದು ಮದುವೆಯಾದ ಮೇಲೆ ಇದು ಎರಡನೆಯ ಸಲವಿರಬೇಕು. ಅಡಿವೆವ್ವನ ತಂಗಿ ಬೆಳ್ಳುಳ್ಳಿ ಬಿಟ್ಟು ಆರು ವರ್ಷವಾಯಿತಂತೆ. ಈಗ ಬರೀ ಭತ್ತ. ಮಜ್ಜಿಗೆ ಕೊಟ್ಟು ಕಳಿಸಿದಳು.

ಉಳಿದದ್ದು ಒಂದೇ ಮನೆ. ಅಲ್ಲಿಯೂ ಇಲ್ಲದಿದ್ದರೆ? ನಾಲ್ಕು ದಿನದಿಂದ ಬಸ್ಸಿನ ಹೊತ್ತಿಗೆ ಸರಿಯಾಗಿ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದೇನೆ. ಹೋಗದಿದ್ದರೆ ಇಲ್ಲ ಎಂಬ ಮಾತು ಕೇಳಬೇಕಾಗಿಲ್ಲವಲ್ಲ.

ಮೇ ೫

ಹಾವೇರಿಯಲ್ಲಿ ಬಸ್ಸು ಬದಲಿಸಿ ಹಿರೇಕೆರೂರು. ಅಲ್ಲಿಂದ ಎರಡು ಮೈಲಿ ನಡಿಗೆ. ಇವರು ಕಾರಣ ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳಿದೆ. ಇವರು ನಗಲಿಲ್ಲ. "ಛತ್ರಿ ತಗೊಂಡು ಹೋಗು" ಎಂದರಷ್ಟೇ.

ಅನ್ನವ್ವ ಗಟ್ಟಿ ಹೆಂಗಸು. ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿದಳು. ಅವಳ ತಲೆಯ ಹಿಂದೆ, ಒಲೆಯ ಮೇಲೆ, ನಸುಗೆಂಪು ಗೊಂಚಲು ತೂಗುತ್ತಿತ್ತು. ನನಗೆ ಅದರ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ.

"ಅಡಿವೆವ್ವ ಚಿಗವ್ವ ಕಳಿಸ್ಯಾಳೇನು?"

"ಇಲ್ಲ. ನಾ ಬಂದದ್ದು ಆಕಿಗೆ ಗೊತ್ತಿಲ್ಲ."

"ಮತ್ತ ನಮ್ಮ ಬೀಜ ನಿಮಗ್ಯಾಕ?"

"ಆಕಿ ಬೀಜ ಹಾಳು ಮಾಡಿದಾಕಿ ನಾನು."

"ಹಾಳ ಮಾಡಿದ್ದು ಹೆಂಗ?"

ಹೇಳಿದೆ. ಸಿಮ್ಲಾದ ಎಸಳು, ಕೋಲು, ಹಳೇದು ಇಟ್ಟು ಏನು ಮಾಡ್ತಿ ಎಂದದ್ದು, ಇರಲಿ ಬಿಡು ಎಂದದ್ದು. ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರು ಕಟ್ಟೆಗೆ ಬಂದು ನಿಂತಿದ್ದರು. ನಡುವೆ ಒಬ್ಬ ಮುದುಕಿ, "ಓದಿದಾರ ಅಂತೀರಿ, ಬಳ್ಳೊಳ್ಳಿ ಗಡ್ಡಿ ಕಟ್ಟೂದು ಗೊತ್ತಿಲ್ಲಾ?" ಎಂದಳು. ಎಲ್ಲರೂ ನಕ್ಕರು. ಗೊತ್ತಿರಲಿಲ್ಲ ಎಂದೆ.

ಅನ್ನವ್ವ ಒಳಗೆ ಹೋಗಿ ಎರಡು ಗಡ್ಡೆ ತಂದಳು. ಕೈ ಚಾಚಿದೆ. "ಕೈಯಾಗ ಕೊಡಾಂಗಿಲ್ರಿ, ಸೆರಗ ಒಡ್ರಿ," ಎಂದಳು. ಒಡ್ಡಿದೆ. ತಾನೇ ಗಂಟು ಹಾಕಿದಳು, ಗಟ್ಟಿಯಾಗಿ. ಬಸ್ಸಿನಲ್ಲಿ ಮತ್ತೆ ಮತ್ತೆ ಗಂಟು ಮುಟ್ಟಿ ನೋಡಿಕೊಳ್ಳುತ್ತ ಬಂದೆ.

ಜುಲೈ ೧೯

ಮಳೆ ಹಿಡಿದಿದೆ. ಎರಡು ಗಡ್ಡೆಯನ್ನು ನಮ್ಮ ಒಲೆಯ ಮೇಲೆ ತೂಗುಹಾಕಿದ್ದೇನೆ. ಇಲಿಗೆ ಹೆದರಿಕೆ, ತೇವಕ್ಕೆ ಹೆದರಿಕೆ. ಹೊಗೆ ಸಾಲದೆಂದು ಹಸಿ ಕಟ್ಟಿಗೆ ಹಾಕಿದರೆ ಇವರು ಕೆಮ್ಮುತ್ತ ಅಂಗಳಕ್ಕೆ ಹೋಗುತ್ತಾರೆ. ಅಡಿವೆವ್ವನಿಗೆ ಇನ್ನೂ ಹೇಳಿಲ್ಲ. ಕೊಳೆತರೆ ಎರಡನೆಯ ಸಲ ಕೊಂದಂತೆ.

ಸೆಪ್ಟೆಂಬರ್ ೨

ಒಂದು ಗಡ್ಡೆಯ ಒಂದು ಬದಿ ಮೆತ್ತಗಾಗಿದೆ. ಮೂರು ಎಸಳು ಕಿತ್ತು ಬಿಸಾಡಿದೆ.

ಅಕ್ಟೋಬರ್ ೧೯

ಇವತ್ತು ಅಡಿವೆವ್ವನ ಮನೆಗೆ ಒಯ್ದೆ. ಸೆರಗು ಬಿಚ್ಚಿ ಅವಳ ಮೊರದಲ್ಲಿ ಸುರಿದೆ. ಎಂಟು ತಿಂಗಳಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು:

"ಯಾರು ಕೊಟ್ರು?"

"ಅನ್ನವ್ವ."

"ನನ್ನ ಹೆಸರ ಹೇಳಿ ಬೇಡಿದ್ರೇನು?" ಅವಳ ದನಿ ಏರಿತು.

"ಇಲ್ಲ. ನನ್ನ ತಪ್ಪು ಹೇಳಿ ಬೇಡಿದೆ. ಓಣಿಯವರೆಲ್ಲ ಕೇಳಿದರು."

ಅಡಿವೆವ್ವ ಒಂದು ಎಸಳು ತೆಗೆದು ಉಗುರಿನಿಂದ ಚುಚ್ಚಿ ಮೂಸಿದಳು. ಮೂಗಿನಿಂದ ಕೈ ಇಳಿಸದೆ ಹಾಗೆಯೇ ಸ್ವಲ್ಪ ಹೊತ್ತು ಕುಳಿತಳು. ಆಮೇಲೆ, "ಅನ್ನಿ ಬಾಯಾಗ ಬಿದ್ದೀರಿ ಅಂದ್ರ ಇಷ್ಟೊತ್ತಿಗೆ ರಟ್ಟೀಹಳ್ಳಿತನಕ ಸುದ್ದಿ ಮುಟ್ಟಿರತೈತಿ ಬಿಡ್ರಿ," ಎಂದಳು. ಶೇಖವ್ವ ನಕ್ಕಳು. ಅಡಿವೆವ್ವ ನಗಲಿಲ್ಲ. ಆದರೆ ಚಾಪೆ ಹಾಸಿದಳು.

ಎಣಿಸಿದೆವು. ನಲವತ್ತನಾಲ್ಕು ಎಸಳು.

ಅಕ್ಟೋಬರ್ ೨೨

ಎಂಟು ಗುಂಟೆಯಲ್ಲಿ ಒಂದೇ ಮಡಿ ಮಾಡಿದೆವು. ಉಳಿದದ್ದಕ್ಕೆ ಅವಳು ಕಡಲೆ ಹಾಕುತ್ತಾಳಂತೆ. ನೀರು ಬಿಟ್ಟು ಮಣ್ಣು ಹದಕ್ಕೆ ಬಂದಿತ್ತು. ಅಡಿವೆವ್ವ ಮೊರ ಹಿಡಿದು ಕುಳಿತು ನನ್ನ ಕಡೆ ನೋಡಿದಳು.

"ಎಷ್ಟಕ್ಕೊಂದು ಹಚ್ಚೂಣ್ರಿ?"

ನಾನು ಸುಮ್ಮನಿದ್ದೆ.

"ಹ್ವಾದ ವರ್ಷ ಬಾಯಿ ಇತ್ತಲ್ರಿ ನಿಮಗ."

"ನನಗ ಅಂಜಿಕಿ ಆಗ್ತದ, ಅಡಿವೆವ್ವ."

"ನನಗೇನ್ ಹಬ್ಬ ಆಗೇತೇನ್ರಿ? ಹಚ್ಚೂದಂತೂ ಹಚ್ಚಬೇಕಲ್ಲ. ನಿಮಗ ಗೊತ್ತಿದ್ದದ್ದು ಹೇಳ್ರಿ, ಗೊತ್ತಿಲ್ಲದ್ದನ್ನೂ ಹೇಳ್ರಿ."

ಹೇಳಿದೆ. ತಿನ್ನಲು, ಮಾರಲು ಆಗಿದ್ದರೆ ಅವಳ ಎರಡು ಬೆರಳೇ ಸರಿಯೇನೋ. ಒಟ್ಟು ಹೆಚ್ಚು ಬರುತ್ತದೆ, ಗಡ್ಡೆ ಸಣ್ಣದಾದರೂ ನಡೆಯುತ್ತದೆ. ಈ ಸಲ ನಮಗೆ ಬೇಕಾದದ್ದು ಬೀಜ. ಅಗಲವಾಗಿ ಹಚ್ಚಿದರೆ ಗಡ್ಡೆ ದೊಡ್ಡದಾಗಿ ಎಸಳು ದಪ್ಪ ಬರಬಹುದು, ದಪ್ಪ ಎಸಳಿನಿಂದ ಮುಂದಿನ ವರ್ಷ ಒಳ್ಳೆಯ ಗಿಡ. ಐದಾರು ಬೆರಳು ಬಿಡಬೇಕು ಅನ್ನಿಸುತ್ತದೆ. ಆದರೆ ಕೋಷ್ಟಕ ಮಾಡಿದವರು ಈ ಮಣ್ಣು ನೋಡಿಲ್ಲ, ಈ ಬೀಜವನ್ನೂ ನೋಡಿಲ್ಲ. ದಪ್ಪಗಾದ ಗಡ್ಡೆ ಆಷಾಢದವರೆಗೆ ತಾಳುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಅವಳು ಕೇಳುತ್ತಲೇ ಎಸಳುಗಳನ್ನು ಎರಡು ಗುಂಪು ಮಾಡಿದಳು. ಒಂದರಲ್ಲಿ ಇಪ್ಪತ್ತೆರಡು, ಇನ್ನೊಂದರಲ್ಲಿ ಇಪ್ಪತ್ತೆರಡು.

"ಇವು ನಿಮ್ಮ ಮಾತಿನಂಗ. ಇವು ನಮ್ಮವ್ವನಂಗ. ನಿಮ್ದು ಸುಳ್ಳಾದ್ರ ನಂದು ಉಳೀತೈತಿ. ನಂದು ಸುಳ್ಳಾದ್ರ ನಿಮ್ದು." ಮೊರವನ್ನು ನನ್ನ ಕಡೆ ನೂಕಿದಳು. "ನಿಂತು ನೋಡೂದಲ್ರಿ. ನಿಮ್ಮವು ನೀವ ಹಚ್ಚರಿ. ತುದಿ ಮ್ಯಾಲ, ಬುಡ ಕೆಳಗ."

ಹಚ್ಚಿದೆ. ಎರಡು ಗುಂಪು ಮಾಡಲು ಅವಳಿಗೆ ಬೇಕಾದದ್ದು ಒಂದು ಗಳಿಗೆ. ಹೋದ ವರ್ಷ ನನಗೆ ಅದೇಕೆ ಹೊಳೆಯಲಿಲ್ಲ?

ಅಕ್ಟೋಬರ್ ೩೧

ಅವಳ ಸಾಲಿನಲ್ಲಿ ಹದಿನೇಳು ಮೊಳಕೆ. ನನ್ನದರಲ್ಲಿ ಹನ್ನೆರಡು. ನಾನು ಹೆಚ್ಚು ಆಳಕ್ಕೆ ಹೂತಿರಬೇಕು ಎನ್ನುತ್ತಾಳೆ. ಮಣ್ಣು ಕೆದಕಿ ನೋಡಲೆಂದು ಬೆರಳು ಇಟ್ಟದ್ದಕ್ಕೆ, "ಕೈ ತಗೀರಿ, ಕೂಸಿನ ನೆತ್ತಿ ಐತಿ ಅಲ್ಲಿ!" ಎಂದು ಗದರಿದಳು.

ಉಳಿದ ಹದಿನೈದು ಏಳುತ್ತವೋ ಇಲ್ಲವೋ. ಬಿಸಿಲೇರುವವರೆಗೆ ನೋಡುತ್ತ ಕುಳಿತಿದ್ದೆವು. ನಾಳೆ ಬೆಳಿಗ್ಗೆ ನೀರು ಬಿಡುವ ಸರದಿ ನನ್ನದು.